ಬಾಯಾರು ತೆಗೆದ ಬನ್ನಿ

ನಾನು ಕೆಲಸ ಬಿಟ್ಟು ಒಂದೂವರೆ ವರ್ಷವಾಯಿತು. ಯಾವ ಕಚೇರಿಯೂ ನನ್ನನ್ನು ಬೀಳ್ಕೊಡಲಿಲ್ಲ, ಏಕೆಂದರೆ ನಾನು ಯಾವ ಕಚೇರಿಯವಳೂ ಆಗಿರಲಿಲ್ಲ. ಸಿದ್ಧೇಶ್ವರ ಗುಡಿಯ ಸುತ್ತಲಿನ ಅಂಗಡಿಗಳ ಕಡಿದಾದ ಮೆಟ್ಟಿಲು ಇನ್ನು ಹತ್ತಲಾರೆ ಎಂದು ಮೊಣಕಾಲು ಹೇಳಿದ ದಿನ ನನಗೆ ನಾನೇ ನಿವೃತ್ತಿ ಕೊಟ್ಟುಕೊಂಡೆ. ಸತ್ಕಾರದ ಶಾಲನ್ನೂ ನಾನೇ ಕೊಂಡೆ. ಬಣ್ಣವಾದರೂ ನನಗೆ ಬೇಕಾದದ್ದು ಸಿಕ್ಕಿತು.

ಈಗ ಈ ಕೆಲಸಕ್ಕೆ ಹೊಸದಾಗಿ ಇಳಿದವರು ಇಬ್ರಾಹಿಂಪುರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಕುಡಿದು, "ಬಾಯಾರ, ಯಾವ ಆಂಟಿವೈರಸ್ ಛಲೋ ಅದರಿ?" ಎಂದು ಕೇಳುತ್ತಾರೆ. ನಮ್ಮ ಕಡೆ ಬಾಯಾರು ಎಂದರೆ ಶಾಲೆ ಕಲಿಸುವ ಹೆಣ್ಣುಮಗಳು. ನಾನು ಯಾವ ಶಾಲೆಯಲ್ಲೂ ಕಲಿಸಿದವಳಲ್ಲ. ಕಂಪ್ಯೂಟರ್ ದುರಸ್ತಿಗೆ ಬರುವ ಹೆಂಗಸನ್ನು ಏನೆಂದು ಕರೆಯಬೇಕೋ ತಿಳಿಯದೆ ಟಿಕೋಟಾ, ಬಬಲೇಶ್ವರದ ಜನ ಹಾಗೆ ಕರೆದರು. ಸುಮಿತ್ರಾ ಎಂಬ ನನ್ನ ಹೆಸರು ರೇಷನ್ ಕಾರ್ಡಿನ ಪಾಲಾಯಿತು.

ಬಂದವರಿಗೆ ನಾನು ಆಂಟಿವೈರಸ್ಸಿನ ಹೆಸರು ಹೇಳುವುದಿಲ್ಲ. ಅದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಬದಲಾಗದ ಒಂದು ಸಂಗತಿಯನ್ನು ಹೇಳುತ್ತೇನೆ. ಊರೂರು ತಿರುಗಿ "ಇದನ್ನು ಒತ್ತಬೇಡಿ, ಅದನ್ನು ತೆಗೆಯಬೇಡಿ" ಎಂದು ಜನರ ಕಿವಿ ತೂತು ಮಾಡಿದವಳು ನಾನು. ಕಡೆಗೆ ತೆಗೆಯಬಾರದ್ದನ್ನು ನಾನೇ ತೆಗೆದೆ. ಹನ್ನೊಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ ನನ್ನ ಸರ್ ಹೆಸರಿನಲ್ಲಿ ಅದು ಬಂದಿತ್ತು ಎಂಬುದೊಂದೇ ಕಾರಣ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಮಾತು ನನಗೆಂದೇ ಹುಟ್ಟಿದಂತಿದೆ. ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆಂದು ಇಷ್ಟು ದಿನ ಸುಮ್ಮನಿದ್ದೆ. ಹೋಗುವುದೆಲ್ಲ ಅವತ್ತೇ ಹೋಗಿದೆ, ಈಗ ಬರೆಯುವುದಕ್ಕೆ ಅಡ್ಡಿಯಿಲ್ಲ.

ಸರ್ ಅಂದರೆ ಶಿವಪುತ್ರಪ್ಪ ಸರ್. ಗುಡಿಯ ಹಿಂದಿನ ಓಣಿಯಲ್ಲಿ ಅವರದೊಂದು ಹಳೆಯ ಮನೆ, ಅದರ ಮೇಲ್ಮಾಳಿಗೆಯಲ್ಲಿ ಟೈಪಿಂಗ್ ಕ್ಲಾಸು. ನಾನು ಕಲಿಯಲು ಹೋಗಿ ಅಲ್ಲೇ ಕಲಿಸುವವಳಾದೆ. ಕಂಪ್ಯೂಟರ್ ಕಾಲ ಬಂದಾಗ ಸರ್ ಆರೂ ಟೈಪ್‌ರೈಟರುಗಳಿಗೆ ಗೋಣಿತಟ್ಟು ಹೊದಿಸಿ ಒಂದು ಕಂಪ್ಯೂಟರ್ ತಂದು ಕೂಡಿಸಿದರು. ಅದು ಕೆಟ್ಟು ನಿಂತಾಗ, "ಟೈಪ್‌ರೈಟರಿಗೆ ಎಣ್ಣಿ ಬಿಡತಿದ್ದೆಲ್ಲ, ಇದನ್ನೂ ಬಿಚ್ಚಿ ನೋಡಬೇ" ಎಂದರು. ನಾನು ದುರಸ್ತಿ ಕಲಿತದ್ದು ಹೀಗೆ.

ಸರ್ ಕಲಿಸಿದ ಒಂದು ರೀತಿಯನ್ನು ಮೊದಲು ಹೇಳುತ್ತೇನೆ. ಟೈಪಿಂಗ್ ಬಲ್ಲವರಿಗೆ ಒಂದು ಕೆಟ್ಟ ವಿದ್ಯೆ ಬಂದಿರುತ್ತದೆ. ಎದುರಿನವರ ಬೆರಳು ಓಡುವುದನ್ನು ನೋಡಿದರೆ ಸಾಕು, ಅವರು ಏನು ಹೊಡೆದರು ಎಂಬುದು ತಿಳಿದುಬಿಡುತ್ತದೆ. ಗಿರಾಕಿ ಪಾಸ್‌ವರ್ಡ್ ಹೊಡೆಯುವಾಗ ನಾನು ನೋಡುತ್ತ ನಿಂತದ್ದನ್ನು ಸರ್ ಒಮ್ಮೆ ಕಂಡರು. ಹೊರಗೆ ಕರೆದು ಹೇಳಿದರು: "ಗ್ವಾಡಿ ಕಡೆ ಮಾರಿ ಮಾಡಬೇಕು. ಕೀಲಿ ರಿಪೇರಿ ಮಾಡಾಂವ ಮನಿಯೊಳಗ ಇಣಿಕಿ ನೋಡ್ತಾನೇನು?" ಅಂದಿನಿಂದ ಕೆಲಸ ಬಿಡುವವರೆಗೆ ನಾನು ಗೋಡೆ ನೋಡಿದೆ. ಮೂರು ಊರಿನ ಗೋಡೆಗಳ ಸುಣ್ಣಬಣ್ಣದ ಬಗ್ಗೆ ನನ್ನಷ್ಟು ತಿಳಿದವರು ಇರಲಿಕ್ಕಿಲ್ಲ.

ಟಿಕೋಟಾದಲ್ಲಿ ಮಲ್ಲೇಶಪ್ಪ ಎಂಬ ಒಣದ್ರಾಕ್ಷಿ ವ್ಯಾಪಾರಿ ಇದ್ದಾರೆ. ಅವರ ಅಂಗಡಿಗೆ ಮೊದಲ ಸಲ ಹೋದಾಗ "ಪಾಸ್‌ವರ್ಡ್ ನೀವ ಹೊಡೀರಿ" ಎಂದು ಹೇಳಿ, ರೂಢಿಯಂತೆ ಗೋಡೆಯ ಕಡೆ ತಿರುಗಿದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ಅಂಗೈಯಷ್ಟು ದೊಡ್ಡ ಅಕ್ಷರಗಳಲ್ಲಿ ಪಾಸ್‌ವರ್ಡ್ ಬರೆದಿತ್ತು. ಕೆಳಗೆ ಗಾಂಧಿಟೊಪ್ಪಿಗೆಯ ಹಿರಿಯರೊಬ್ಬರು ದ್ರಾಕ್ಷಿ ಆರಿಸುತ್ತ ಕುಳಿತಿದ್ದರು.

"ಇದೇನ್ರಿ ಯಜಮಾನ್ರ?" ಎಂದು ಮಲ್ಲೇಶಪ್ಪನವರನ್ನು ಕೇಳಿದೆ.

"ಮರ್ತು ಹೋಗ್ತದಂತ ಬರ್ದೇವ್ರಿ. ಇಲ್ಲಿ ಎಲ್ಲಾರೂ ನಮ್ಮವರ ಇದ್ದಾರ, ಹೊರಗಿನವರು ಯಾರೂ ಇಲ್ಲ."

"ನಾ ಹೊರಗಿನಾಕಿ ಅಲ್ಲೇನ್ರಿ?"

ಅವರು ಸ್ವಲ್ಪ ಯೋಚಿಸಿ, "ನೀವು ರಿಪೇರಿ ಮಾಡಾಕ ಬಂದವರು, ನಿಮಗ ಹೆಂಗೂ ಗೊತ್ತಾಗಬೇಕಲ್ಲರಿ" ಎಂದರು. ಒದ್ದೆ ಅರಿವೆ ತರಿಸಿ ಗೋಡೆ ಒರೆಸಿದೆ. ಪಾಸ್‌ವರ್ಡ್ ಬದಲಾಯಿಸುವಂತೆ ಹೇಳಿ ಮತ್ತೆ ಗೋಡೆಗೆ ತಿರುಗಿ ನಿಂತೆ. ಅವರು ಹೊಸ ಪಾಸ್‌ವರ್ಡ್ ಹೊಡೆದರು, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿಕೊಳ್ಳುತ್ತ.

ಅವರನ್ನು ನೋಡಿ ನಕ್ಕರೂ ನಮ್ಮ ತಪ್ಪುಗಳೇನು ಕಡಿಮೆ ಇರಲಿಲ್ಲ. ಘೋಣಸಗಿಯ ಒಬ್ಬ ಫೋಟೋದವನ ಕಂಪ್ಯೂಟರ್ ನಿಂತುಹೋಗಿತ್ತು. ಊರಿನ ಮದುವೆ ಫೋಟೋಗಳೆಲ್ಲ ಒಂದೇ ಪೆನ್‌ಡ್ರೈವಿನಲ್ಲಿ ಮನೆಮನೆ ತಿರುಗಿ ಬರುತ್ತಿದ್ದವು. ಒಂದೇ ಹಣಿಗೆಯಿಂದ ಓಣಿಯೆಲ್ಲ ತಲೆ ಬಾಚಿಕೊಂಡರೆ ಹೇನು ಹತ್ತದೆ ಬಿಡುತ್ತದೆಯೇ? ನಾನು ಆಗ ಹೊಸ ಹುರುಪಿನಲ್ಲಿದ್ದೆ. ಹೇಳದೆ ಕೇಳದೆ ಇಡೀ ಡಿಸ್ಕನ್ನು ಒರೆಸಿ ಸ್ವಚ್ಛ ಮಾಡಿ, "ಒಂದೂ ವೈರಸ್ ಉಳಿದಿಲ್ಲ" ಎಂದು ಹೆಮ್ಮೆಯಿಂದ ಹೇಳಿದೆ. "ಫೋಟೋ ಉಳದಾವೇನ್ರಿ?" ಎಂದು ಅವನು ಕೇಳಿದ. ಒಂದೂ ಉಳಿದಿರಲಿಲ್ಲ. ಹಿಂದಿನ ವಾರದ ಮದುವೆಯ ಆಲ್ಬಮ್ ಇನ್ನೂ ಆಗಿರಲಿಲ್ಲ. ಯಾರದೋ ಮೊಬೈಲಿನಲ್ಲಿ ಅಕ್ಷತೆಯ ನಾಲ್ಕು ಚಿತ್ರ ಸಿಕ್ಕವು. ಉಳಿದದ್ದಕ್ಕೆ ಮದುವೆಯ ಸೀರೆ, ಬಾಸಿಂಗ ಮತ್ತೆ ತೊಡಿಸಿ ಗಂಡುಹೆಣ್ಣನ್ನು ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ವರ ಮೀಸೆ ಬೋಳಿಸಿಕೊಂಡಿದ್ದ. ಆ ಆಲ್ಬಮ್ಮಿನಲ್ಲಿ ಅಕ್ಷತೆ ಬೀಳುವಾಗ ಅವನಿಗೆ ಮೀಸೆ ಇದೆ, ಊಟಕ್ಕೆ ಕೂಡುವಾಗ ಇಲ್ಲ.

ಅಂದಿನಿಂದ ಒರೆಸುವ ಮುಂಚೆ ಕೇಳುವುದನ್ನು ಕಲಿತೆ. ಎಲ್ಲದರ ಇನ್ನೊಂದು ಪ್ರತಿ ತೆಗೆದು, ಕಂಪ್ಯೂಟರಿಗೆ ಹಚ್ಚದೆ ಬೇರೆ ಇಡುವುದನ್ನೂ ಕಲಿತೆ. ನನ್ನ ಪ್ರತಿ ನಮ್ಮ ಮನೆಯ ಜೋಳದ ಡಬ್ಬಿಯಲ್ಲಿರುತ್ತದೆ. ಅಲ್ಲಿಗೆ ಯಾವ ಕಳ್ಳನೂ ಇಂಟರ್ನೆಟ್ ಮೂಲಕ ಬರಲಾರ.

ಇನ್ನು ಸರ್ ಜೊತೆ ಮಾತು ಬಿಟ್ಟದ್ದಕ್ಕೆ ಬರಬೇಕು. ಬರೆಯಲು ಮನಸ್ಸಿಲ್ಲ, ಆದರೆ ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ.

ಮಲ್ಲೇಶಪ್ಪನವರ ಕಂಪ್ಯೂಟರ್ ಪದೇ ಪದೇ ಮಲಗತೊಡಗಿತು. ಒಂದು ದಿನ ನಾನೂ ಸರ್ ಕೂಡಿ ಹೋದೆವು. ಬಿಚ್ಚಿ ನೋಡಿದರೆ ರೋಗ ಬಂದದ್ದು ನಾವೇ ಹಾಕಿದ್ದ ಆಂಟಿವೈರಸ್ಸಿನಿಂದ. ಸರ್ ಹತ್ತಿರ ಯಾರೋ ಕೊಟ್ಟ ಒಂದು ನಕಲಿ ಡಿಸ್ಕು ಇತ್ತು, ಅದನ್ನೇ ಎಲ್ಲರ ಕಂಪ್ಯೂಟರಿಗೂ ಹಾಕುತ್ತಿದ್ದರು. ಅವರ ಕೆಟ್ಟ ಬುದ್ಧಿಯಲ್ಲ ಅದು. ಒಂದು ಟೈಪಿಂಗ್ ಪುಸ್ತಕದಿಂದ ಊರಿಗೆಲ್ಲ ಕಲಿಸಿದವರಿಗೆ, ಒಂದು ಡಿಸ್ಕು ಊರಿಗೆಲ್ಲ ಸಾಲುತ್ತದೆ ಎಂದು ಅನಿಸಿತ್ತು. ಬೇಡವೆಂದು ನಾನು ಹಲವು ಸಲ ಹೇಳಿದ್ದೆ. ಅವತ್ತು ಸಿಟ್ಟು ತಡೆಯಲಿಲ್ಲ.

"ಸರ್, ಇದು ನಾವ ಹಾಕಿದ್ದರಿಂದ ಬಂದದ. ಕಳ್ಳನ್ನ ತಂದು ಕಾವಲಿಗೆ ಕೂಡಿಸೇವಿ. ನಾ ಬ್ಯಾಡಂದ್ರೂ ನೀವು ಕೇಳಲಿಲ್ಲ."

ಮಲ್ಲೇಶಪ್ಪನವರ ಎದುರು, ದ್ರಾಕ್ಷಿ ಆರಿಸುವವರ ಎದುರು ಹೀಗೆ ಹೇಳಿದೆ. ಸರ್ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು. "ಆತು" ಎಂದರು, ಬಸ್‌ಸ್ಟ್ಯಾಂಡಿಗೆ ನಡೆದರು. ಒಂದೇ ಬಸ್ಸಿನಲ್ಲಿ ಮರಳಿದೆವು, ಅವರು ಮುಂದೆ, ನಾನು ಹಿಂದೆ. ಮರುದಿನ, "ನಾಳಿಂದ ನೀ ಬ್ಯಾರೆ ಮಾಡ್ಕೋ" ಎಂದರು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಮಾತನ್ನು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಬಹುದಿತ್ತು. ಹೊಸಬರೇ, ಮೇಲಿನವರ ತಪ್ಪು ಹಿಡಿಯಿರಿ, ಖಂಡಿತ ಹಿಡಿಯಿರಿ. ಗಿರಾಕಿಯ ಮುಂದೆ ಮಾತ್ರ ಬೇಡ.

ಆ ವರ್ಷ ದಸರೆಗೆ ಬನ್ನಿ ತೆಗೆದುಕೊಂಡು ಅವರ ಮನೆಗೆ ಹೋದೆ. ವಿಜಯದಶಮಿಯ ದಿನ ನಮ್ಮಲ್ಲಿ ಬನ್ನಿಯ ಎಲೆ ಕೊಟ್ಟು "ಬಂಗಾರದಂಗ ಇರೂಣು" ಎನ್ನುತ್ತಾರೆ. ವರ್ಷದ ಜಗಳ ಎಷ್ಟೇ ಇರಲಿ, ಅಂದು ಎದುರಿಗೆ ಹಿಡಿದ ಬನ್ನಿಯನ್ನು ಯಾರೂ ಬೇಡ ಎನ್ನುವುದಿಲ್ಲ. ಸರ್ ಬೇಡ ಎನ್ನಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಹೋದರು. ನಾನು ಆ ಎಲೆಗಳನ್ನು ಗುಡಿಯ ಕಟ್ಟೆಯ ಮೇಲಿಟ್ಟು ಮನೆಗೆ ಬಂದು ಅತ್ತೆ. ಮತ್ತೆ ಹೋಗಲಿಲ್ಲ.

ಆಮೇಲೆ ಸ್ಕೂಟಿ ಕೊಂಡೆ, ಒಬ್ಬಳೇ ತಿರುಗಿದೆ. ಕೆಲಸದ ರೀತಿಯೂ ಬದಲಾಯಿತು. ಮೊದಲು ಕಳ್ಳರು ವೈರಸ್ ಕಳಿಸುತ್ತಿದ್ದರು, ನಾವು ಅದನ್ನು ಹುಡುಕಿ ತೆಗೆಯುತ್ತಿದ್ದೆವು. ಬರಬರುತ್ತ ಅವರು ಸೌಜನ್ಯ ಕಲಿತರು. ಫೋನು ಮಾಡಿ, ನಮಸ್ಕಾರ ಹೇಳಿ, ಬಾಗಿಲು ನಮ್ಮಿಂದಲೇ ತೆಗೆಸತೊಡಗಿದರು.

ಬಬಲೇಶ್ವರದಲ್ಲಿ ಗಂಗಮ್ಮ ಎಂಬ ಹಿರಿಯರ ಮನೆಗೆ ಹೋಗುತ್ತಿದ್ದೆ. ಅವರ ಗಂಡ ನಿವೃತ್ತ ಮಾಸ್ತರರು. ಖಂಡೆಪೂಜೆಗೆ, ಅಂದರೆ ಆಯುಧಪೂಜೆಯ ದಿನ, ಗಂಗಮ್ಮ ಕುಡುಗೋಲು, ಕೊಡಲಿಯ ಸಾಲಿನಲ್ಲಿ ಕಂಪ್ಯೂಟರನ್ನೂ ಇಟ್ಟು ಪೂಜೆ ಮಾಡುತ್ತಿದ್ದರು. ಒಂದು ಸಲ ನೋಡಿದರೆ ಪರದೆಯ ಮೇಲಿನ ಕ್ಯಾಮೆರಾದ ಕಣ್ಣಿಗೆ ಬರೋಬ್ಬರಿ ಕುಂಕುಮ ಕೂತಿತ್ತು. ಒರೆಸಲು ಕೈ ಎತ್ತಿದವಳು ಬಿಟ್ಟುಬಿಟ್ಟೆ. ಪಟ್ಟಣದ ಗಿರಾಕಿಗಳಿಗೆ ಆ ಕಣ್ಣು ಮುಚ್ಚಿಡಿ ಎಂದು ವರ್ಷಗಟ್ಟಲೆ ಹೇಳಿದರೂ ಕೇಳಿರಲಿಲ್ಲ.

ಒಂದು ದಿನ ಮಾಸ್ತರರಿಗೆ ಯಾರೋ ಫೋನು ಮಾಡಿ, ನಿಮ್ಮ ಕಂಪ್ಯೂಟರಿಗೆ ರೋಗ ಬಂದಿದೆ, ನಾವು ಇಲ್ಲಿಂದಲೇ ಗುಣಪಡಿಸುತ್ತೇವೆ, ಈ ಪ್ರೋಗ್ರಾಮ್ ಹಾಕಿಕೊಳ್ಳಿ ಎಂದರಂತೆ. ಮಾಸ್ತರರು ಹಾಕಿಕೊಂಡರು. ಪರದೆಯ ಮೇಲಿನ ಬಾಣ ತಾನೇ ಓಡಾಡತೊಡಗಿತು. ಅವರು ಅದನ್ನು ಭಕ್ತಿಯಿಂದ ನೋಡುತ್ತ ಕುಳಿತಿದ್ದಾಗ ಗಂಗಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ಪ್ಲಗ್ ಕಿತ್ತರು.

"ನೀವು ಮೌಸ್ ಮುಟ್ಟಿಲ್ಲ, ನಾ ಮುಟ್ಟಿಲ್ಲ. ಅಂದ್ರ ಯಾರೋ ಮನಿಯೊಳಗ ಕೈ ಆಡಸಾಕತ್ತಾರ" ಎಂದರಂತೆ. ಇಷ್ಟು ವರ್ಷದಲ್ಲಿ ಇದಕ್ಕಿಂತ ಚೊಕ್ಕ ವಿವರಣೆಯನ್ನು ನಾನು ಯಾರಿಂದಲೂ ಕೇಳಿಲ್ಲ.

ಆ ಘಟನೆಯಾದ ಮೇಲೆ ನನ್ನ ಎಲ್ಲ ಗಿರಾಕಿಗಳಿಗೂ ಒಂದೇ ನೇಮ ಹಾಕಿದೆ. ಗುರುತಿಲ್ಲದವರು ಫೋನು ಮಾಡಿದರೆ ಇಟ್ಟುಬಿಡಿ. ಗುರುತಿನವರ ಹೆಸರಲ್ಲಿ ಏನಾದರೂ ಬಂದರೆ, ತೆಗೆಯುವ ಮುಂಚೆ ಅವರಿಗೆ ಫೋನ್ ಹಚ್ಚಿ "ನೀವ ಕಳಿಸೀರೇನು?" ಎಂದು ಕೇಳಿ. ಹಡೆದ ಅಪ್ಪ ಕಳಿಸಿದರೂ ಕೇಳಿ. ಇದನ್ನು ಎಷ್ಟು ಸಲ ಹೇಳಿದೆನೆಂದರೆ, ಮಲ್ಲೇಶಪ್ಪನವರ ಅಂಗಡಿಯ ಗೋಡೆಯ ಮೇಲೆ ಹಳೆಯ ಪಾಸ್‌ವರ್ಡ್ ಇದ್ದ ಜಾಗದಲ್ಲಿ "ಮೊದಲ ಫೋನ್ ಹಚ್ಚಿ ಕೇಳ್ರಿ" ಎಂದು ಬರೆಸಿದ್ದರು.

ಈಗ ಹೋದ ವರ್ಷದ ವಿಜಯದಶಮಿ. ನಿವೃತ್ತಿಯ ನಂತರದ ಮೊದಲ ದಸರೆ. ಬೆಳಿಗ್ಗೆ ಹೋಳಿಗೆಗೆ ಬೇಳೆ ಒಲೆಯ ಮೇಲಿಟ್ಟು ಬಂದು ಕಂಪ್ಯೂಟರಿನ ಮುಂದೆ ಕುಳಿತೆ. ಒಂದು ಇ-ಮೇಲ್ ಬಂದಿತ್ತು. ಕಳಿಸಿದವರು ಶಿವಪುತ್ರಪ್ಪ ಸರ್. ವಿಷಯ, ಬನ್ನಿ ಬಂಗಾರ.

ನನ್ನ ಕಣ್ಣು ಅಷ್ಟೇನೂ ಮಂಜಾಗಿಲ್ಲ. ಒಳಗೆ "ಆತ್ಮೀಯ ಸ್ನೇಹಿತರೇ" ಎಂದು ಬರೆದದ್ದನ್ನು ನೋಡಿದೆ. ಸರ್ ಜನ್ಮದಲ್ಲಿ ಯಾರನ್ನೂ ಸ್ನೇಹಿತರೇ ಎಂದವರಲ್ಲ, ಗಂಡಸಾದರೆ ಲೇ, ಹೆಂಗಸಾದರೆ ಬೇ. ಜೊತೆಗಿದ್ದ ಫೈಲಿನ ಹೆಸರಿನ ಬಾಲವನ್ನೂ ನೋಡಿದೆ. ಅದು ಚಿತ್ರವಲ್ಲ, ಚಿತ್ರದ ವೇಷ ಹಾಕಿದ ಪ್ರೋಗ್ರಾಮ್ ಎಂದು ತಿಳಿಯಿತು. ಒತ್ತಿದಾಗ ನನ್ನ ಆಂಟಿವೈರಸ್, ರಸೀದಿ ಇರುವ ಅಸಲಿ ಆಂಟಿವೈರಸ್, ಕೆಂಪು ಚೌಕ ತೋರಿಸಿ ಬೇಡ ಎಂದಿತು. "ಸುಮ್ಮನಿರು, ಇದು ನಮ್ಮ ಮನೆಯ ವಿಷಯ" ಎಂದು ಅದನ್ನು ಬದಿಗೆ ಸರಿಸಿದೆ.

ಫೋನ್ ಹಚ್ಚಿ ಕೇಳಬೇಕಿತ್ತು. ಹನ್ನೊಂದು ವರ್ಷ ಮಾತಿಲ್ಲದವರಿಗೆ ಹೇಗೆ ಹಚ್ಚಲಿ? ಹಚ್ಚಿ, ಅವರು "ನಾ ಕಳಿಸಿಲ್ಲ" ಎಂದರೆ ಏನು ಮಾಡಲಿ? ಆ ಮಾತು ಕೇಳುವುದಕ್ಕಿಂತ ವೈರಸ್ ಬರುವುದೇ ಮೇಲು ಎಂದು ನನಗೆ ಅನಿಸಿತು. ಬನ್ನಿ ತೆಗೆದೆ. ಪರದೆ ಒಮ್ಮೆ ಮಿಟುಕಿತು, ಏನೂ ಕಾಣಲಿಲ್ಲ. ಫೈಲು ಸರಿಯಾಗಿ ಬಂದಿಲ್ಲವೇನೋ ಎಂದು ಎರಡನೇ ಸಲ ತೆಗೆದೆ. ಈ ಎರಡನೇ ಸಲದ್ದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಬೇಳೆ ಬೇಯುವ ಮೊದಲೇ ಫೋನು ಬಂತು. ಮಲ್ಲೇಶಪ್ಪ.

"ಬಾಯಾರ, ಬನ್ನಿ ಕಳಿಸೀರೇನ್ರಿ?"

"ಎಂಥಾ ಬನ್ನಿರಿ?"

"ಮೇಲಿಗೆ ಬಂದದರಿ, ನಿಮ್ಮ ಹೆಸರಿಲೆ. ಹಡದಪ್ಪ ಕಳಿಸಿದ್ರೂ ಕೇಳಬೇಕಂತ ಹೇಳೀರೆಲ್ಲ, ಅದಕ್ಕ ಹಚ್ಚೇನಿ."

ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತೆ. "ತೆಗೀಬ್ಯಾಡ್ರಿ ಯಜಮಾನ್ರ. ಅದು ನಾ ಕಳಿಸಿದ್ದಲ್ಲ, ನನ್ನ ಕಂಪ್ಯೂಟರ್ ಕಳಿಸೇದ."

"ಅದಕ್ಹೆಂಗ ಹತ್ತಿತ್ರಿ?"

"ನಮ್ಮ ಸರ್ ಹೆಸರಿಲೆ ಬಂದಿತ್ತು. ತಗದ್ನಿ."

ನಮ್ಮ ಜಗಳ ನಡೆದದ್ದೇ ಮಲ್ಲೇಶಪ್ಪನವರ ಅಂಗಡಿಯಲ್ಲಿ. "ಯಾಕ್ರಿ ಬಾಯಾರ, ಸರ್‌ಗೆ ನೀವು ಫೋನ್ ಹಚ್ಚಲಿಲ್ಲೇನು?" ಎಂದು ಮೆಲ್ಲಗೆ ಕೇಳಿದರು. ಇನ್ನೊಂದು ಫೋನು ಬರಾಕತ್ತದ ಎಂದು ಹೇಳಿ ಇಟ್ಟೆ. ಅದು ಸುಳ್ಳೂ ಆಗಿರಲಿಲ್ಲ. ಗಂಗಮ್ಮನ ಫೋನು ಬರುತ್ತಿತ್ತು.

"ಯವ್ವಾ, ಬನ್ನಿ ಬ್ಯಾಡಂದ್ರ ಪಾಪ ಬರ್ತದ, ತಗದ್ರ ವೈರಸ್ ಬರ್ತದ. ಏನ ಮಾಡ್ಲಿಬೇ?"

ಮಧ್ಯಾಹ್ನದವರೆಗೆ ಇದೇ ನಡೆಯಿತು. ಘೋಣಸಗಿಯ ಫೋಟೋದವನೂ ಕೇಳಿದ. ನಾನು ಕಲಿಸಿದವರೆಲ್ಲ ಒಬ್ಬರೂ ಬಿಡದೆ ಪಾಸಾದರು, ಬಾಯಾರು ಒಬ್ಬರೇ ಫೇಲು. ಹೋಳಿಗೆಯ ಬೇಳೆ ತಳ ಹಿಡಿದಿತ್ತು. ಮೊಬೈಲಿನಿಂದ ಇ-ಮೇಲಿನ ಪಾಸ್‌ವರ್ಡ್ ಬದಲಾಯಿಸಿದೆ, ಕಂಪ್ಯೂಟರನ್ನು ಪೂರ್ತಿ ಒರೆಸಿದೆ, ಜೋಳದ ಡಬ್ಬಿಯಿಂದ ಪ್ರತಿ ತೆಗೆದು ಮತ್ತೆ ತುಂಬಿದೆ. ನನ್ನದು ಅಷ್ಟಕ್ಕೆ ಸರಿಹೋಯಿತು.

ಸರ್ ಅವರದು ಸರಿಹೋಗಿರಲಿಲ್ಲ. ಅವರ ಮೇಲ್ ಯಾವನೋ ಕಳ್ಳನ ಕೈಯಲ್ಲಿತ್ತು, ಅವರ ಹೆಸರಿನಲ್ಲಿ ಇನ್ನೂ ಊರಿಗೆಲ್ಲ ಬನ್ನಿ ಹೋಗುತ್ತಿತ್ತು. ಒಂದು ಮಾತಿಗೆ ಹನ್ನೊಂದು ವರ್ಷ ಮುಖ ತಿರುಗಿಸಿದ ಮನುಷ್ಯನ ಹೆಸರು ಹೀಗೆ ಬೀದಿ ಪಾಲಾಗುವುದನ್ನು ನೋಡುತ್ತ ಕೂಡುವುದು ನನ್ನಿಂದಾಗಲಿಲ್ಲ. ಫೋನು ಕೈಗೆ ತೆಗೆದುಕೊಂಡೆ. "ಸರ್" ಎಂಬ ಹೆಸರಿನಲ್ಲಿ ಅವರ ನಂಬರು ಹಾಗೇ ಇತ್ತು. ಬೆರಳು ಮುಂದೆ ಹೋಗಲಿಲ್ಲ. ಸಂಜೆ ಆಟೋ ಹಿಡಿದು ಗುಡಿಯ ಹತ್ತಿರ ಇಳಿದೆ. ಜನರೆಲ್ಲ ಬನ್ನಿ ಹಿಡಿದು ಓಡಾಡುತ್ತಿದ್ದರು. ನಾನೂ ಒಂದು ಹಿಡಿ ಕೊಂಡು, ಓಣಿಯ ಆ ಮನೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದೆ. ಮೊಣಕಾಲು ಬೈಯುತ್ತಲೇ ಇತ್ತು.

ಬಾಗಿಲು ತೆರೆದಿತ್ತು. ಸರ್ ಕುರ್ಚಿಯಲ್ಲಿದ್ದರು, ಬಹಳ ಸೊರಗಿದ್ದರು. ನನ್ನನ್ನು ನೋಡಿದರು, ಬಾ ಎನ್ನಲಿಲ್ಲ. ಹೊಸ್ತಿಲ ಹೊರಗೇ ನಿಂತು ಹೇಳಿದೆ.

"ಸರ್, ಮುಂಜಾನೆ ನಿಮ್ಮ ಹೆಸರಿಲೆ ನನಗೊಂದು ಬನ್ನಿ ಬಂದಿತ್ತು."

"ನಾ ಕಳಿಸಿಲ್ಲ."

"ಗೊತ್ತದರಿ."

"ಗೊತ್ತಿದ್ದೂ ತಗದೇನು?"

"ಹೌದ್ರಿ."

"ಯಾಕ?"

"ನೀವ ಕಳಿಸಿರಬೇಕಂತ ಅನಿಸ್ತರಿ."

ಅವರು ಕಿಟಕಿಯ ಕಡೆ ನೋಡಿದರು. ನಿಮ್ಮ ಮೇಲಿಗೆ ಕಳ್ಳ ಹೊಕ್ಕಿದ್ದಾನೆ, ಈಗಲೇ ಪಾಸ್‌ವರ್ಡ್ ಬದಲಿಸಬೇಕು ಎಂದು ಹೇಳಿದೆ. ತಲೆಯಾಡಿಸಿದರು. ಅಂದು ಟಿಕೋಟಾದಲ್ಲಿ ಎಲ್ಲರ ಮುಂದೆ ಮಾತಾಡಿದ್ದು ತಪ್ಪಾಯಿತು ಎಂದೆ. ಕೈ ಮುಂದೆ ಮಾಡಿ, "ಸರ್, ಬನ್ನಿ ತಗೋರಿ" ಎಂದೆ.

ಅವರ ಕೈ ಮೇಲೆದ್ದಿತು, ಅರ್ಧಕ್ಕೆ ನಿಂತಿತು.

"ತಡಿ" ಎಂದರು. "ಮಧ್ಯಾಹ್ನ ಮಲ್ಲೇಶಪ್ಪ ಫೋನ್ ಹಚ್ಚಿದ್ದ. ಯಾರ ಏನ ಕೊಟ್ರೂ ಕೇಳದ ತಗೋಬಾರದಂತ, ಬಾಯಾರ ನೇಮ ಅದ ಅಂದ."

ಮೇಜಿನ ಮೇಲಿದ್ದ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಏನನ್ನೋ ಹುಡುಕಿ ಒತ್ತಿದರು. ನನ್ನ ಚೀಲದೊಳಗೆ ಫೋನು ರಿಂಗಾಗತೊಡಗಿತು. ತೆಗೆದು ನೋಡಿದೆ. ಸರ್.

ಮೂರು ಹೆಜ್ಜೆ ದೂರದಲ್ಲಿ ಕುಳಿತು ಅವರು ಫೋನಿನಲ್ಲಿ ಕೇಳಿದರು: "ಹಲೋ, ಸುಮಿತ್ರಾ. ಈ ಬನ್ನಿ ನೀನ ತಂದೀಯೇನು?"

"ಹೌದ್ರಿ ಸರ್" ಎಂದು ನಾನೂ ಫೋನಿನಲ್ಲೇ ಹೇಳಿದೆ. "ನಾನ ತಂದೀನಿ."

"ಹಂಗಾರ ಒಳಗ ಬಾ" ಎಂದು ಹೇಳಿ ಕೈ ಚಾಚಿದರು.